ಶೆಟ್ಟಿಹಳ್ಳಿ ಚರ್ಚ್ ಪಾಳುಬಿದ್ದದ್ದಲ್ಲ, ಮುಳುಗಡೆಯಾದದ್ದು

ಮಾನ್ಯ ಸಂಪಾದಕರಿಗೆ,

ಮುಂಗಾರು ಚುರುಕಾಗಿ ಹೇಮಾವತಿ ಜಲಾಶಯ ತುಂಬತೊಡಗಿದರೆ ಸಾಕು, ಪತ್ರಿಕೆಗಳಲ್ಲಿ ಹಾಸನ ಬಳಿಯ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಚಿತ್ರ ಹಾಜರ್. ಸೊಂಟದವರೆಗೆ ನೀರಲ್ಲಿ ನಿಂತ ಕಮಾನುಗಳು, ಪಕ್ಕದಲ್ಲೊಂದು ತೆಪ್ಪ, ಮೇಲೆ ಕವಿದ ಮೋಡ. ಅಡಿಬರಹವೂ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿದೆ: ಕಾಲನೆದುರು ದೇವರ ಮನೆಯೂ ನಿಲ್ಲದು, ಪ್ರಕೃತಿ ತನ್ನದನ್ನು ಮರಳಿ ಪಡೆಯಿತು, ನಂಬಿಕೆ ಮಾತ್ರ ಮುಳುಗದು, ಹೀಗೆ. ಚಿತ್ರದ ಬಗ್ಗೆ ನಮ್ಮ ತಕರಾರಿಲ್ಲ. ಹಳೆಯ ಕಟ್ಟಡಗಳ ದುರಸ್ತಿಯ ಕಣ್ಣಿನಿಂದ ನೋಡಿದಾಗ ಈ ಅಡಿಬರಹಗಳಲ್ಲಿ ಒಂದೂ ಆ ಗೋಡೆಗೆ ಹೊಂದುವುದಿಲ್ಲ ಎಂಬುದಷ್ಟೇ ತಕರಾರು.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್ ಅದು. ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ; ಆ ಮಟ್ಟದ ಕೆಳಗಿನ ಊರುಗಳೆಲ್ಲ ಎದ್ದು ಹೋಗಬೇಕಾಯಿತು. ಭಕ್ತರು ಚರ್ಚನ್ನು ತೊರೆದದ್ದಲ್ಲ. ಭಕ್ತರನ್ನು ಊರಿನ ಸಮೇತ ಎಬ್ಬಿಸಲಾಯಿತು. ಎಬ್ಬಿಸಲಾಗದೆ ಉಳಿದದ್ದು ಕಟ್ಟಡ. ಇದಕ್ಕೆ ಮಲೆನಾಡಿನವರಿಗೂ ಕಾವೇರಿ ಬಯಲಿನವರಿಗೂ ಚೆನ್ನಾಗಿ ಗೊತ್ತಿರುವ ಒಂದು ಪದವಿದೆ: ಮುಳುಗಡೆ. ಅದನ್ನು ಬಿಟ್ಟು ಕಾಲ, ಪ್ರಕೃತಿ ಎಂದೆಲ್ಲ ಹೇಳಿದರೆ, ಯಾರೋ ಕುಳಿತು ನಕ್ಷೆಯ ಮೇಲೆ ಎಳೆದ ಗೆರೆಯೊಂದು ದೈವಲೀಲೆಯಂತೆ ಕಾಣತೊಡಗುತ್ತದೆ.

ನಿಜವಾಗಿ ಪಾಳುಬಿದ್ದ ದೇಗುಲ ಬೇರೆಯದೇ ಕಥೆ ಹೇಳುತ್ತದೆ. ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮ ಎಂಬ ಮಾತು ಇಂದಿಗೂ ಇದೆ. ಬೇಚಿರಾಗ್, ಅಂದರೆ ದೀಪವಿಲ್ಲದ್ದು. ಪಾರಸಿಯಿಂದ ಬಂದ ಪದ. ಪ್ಲೇಗು, ಮಲೇರಿಯಾ, ಬರ, ದಂಡಿನ ಕಾಟ, ಏನೋ ಒಂದು ಕಾರಣಕ್ಕೆ ಜನ ಎದ್ದುಹೋದ ಊರು. ಅಂಥ ಕಡೆ ಹೊಲದ ನಡುವೆ ಒಂಟಿ ಗುಡಿ ನಿಂತಿದ್ದರೆ, ದೇವರನ್ನು ಮಾತ್ರ ಬಿಟ್ಟು ಹೋದರೆಂದು ತಿಳಿಯಬೇಕಿಲ್ಲ. ಮನೆಗಳು ಮಣ್ಣಿನವು, ಸೂರು ತೆಗೆದ ಮೂರು ನಾಲ್ಕು ಮಳೆಗೆ ಕರಗಿ ಹೊಲವಾದವು; ಗುಡಿ ಕಲ್ಲಿನದು, ನಿಂತಿತು. ಒಂಟಿತನ ಕಾಣುವುದು ಕಟ್ಟಿದ ಸಾಮಗ್ರಿಯಲ್ಲಿನ ವ್ಯತ್ಯಾಸದಿಂದ. ಎಷ್ಟೋ ಬೇಚರಾಕ್ ಊರುಗಳ ಗುಡಿಗೆ ವರ್ಷಕ್ಕೊಮ್ಮೆ ಪಕ್ಕದ ಊರಿಂದ ಒಕ್ಕಲು ಬಂದು ದೀಪ ಹಚ್ಚಿ ಹೋಗುವುದುಂಟು. ಗೋಡೆ ಬಿರುಕುಬಿಟ್ಟಿದೆ ಎಂದ ಮಾತ್ರಕ್ಕೆ ದೇವರು ಹೋದರೆಂದು ಬರೆಯುವ ಮುನ್ನ ಹೊಸ್ತಿಲ ಬಳಿ ಎಣ್ಣೆ ಜಿಡ್ಡು ಇದೆಯೇ ನೋಡಬೇಕು.

ದೇವರು ಹೇಗೆ ಹೋದರು ಎಂಬುದನ್ನು ಓದಲು ಗರ್ಭಗುಡಿಯಲ್ಲೇ ಒಂದು ಗುರುತು ಸಿಗುತ್ತದೆ. ವಿಗ್ರಹ ಕೂರುವ ಪೀಠದ ನಡುವೆ ಚೌಕಾಕಾರದ ಗುಳಿ ಇರುತ್ತದೆ. ವಿಗ್ರಹದ ಬುಡವನ್ನು ಅದರೊಳಗಿಟ್ಟು, ಸಂದಿಗೆ ಅಷ್ಟಬಂಧ ತುಂಬುತ್ತಾರೆ: ಅರಗು, ರಾಳ, ಜೇನುಮೇಣ, ಕಾವಿ, ಬೆಣ್ಣೆ ಮೊದಲಾದವನ್ನು ಕುಟ್ಟಿ ಕುಟ್ಟಿ ಹದ ಮಾಡಿದ ಅಂಟು. ಹೊಸದರಲ್ಲಿ ಮೆತ್ತಗಿದ್ದು ಬರಬರುತ್ತ ಕಲ್ಲಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ರೂಢಿ. ವಿಗ್ರಹವನ್ನು ಶಾಸ್ತ್ರೋಕ್ತವಾಗಿ ಸ್ಥಳಾಂತರಿಸುವಾಗ ಮೊದಲು ಕಲಾಕರ್ಷಣೆ, ಅಂದರೆ ಮೂರ್ತಿಯ ಸಾನ್ನಿಧ್ಯವನ್ನು ಕಲಶದ ನೀರಿಗೆ ಇಳಿಸಿಕೊಳ್ಳುವುದು. ಆಮೇಲೆ ಅಷ್ಟಬಂಧವನ್ನು ನಿಧಾನವಾಗಿ ಬಿಡಿಸಿ ಎತ್ತುವುದು. ಹಾಗೆ ಎತ್ತಿದ ಪೀಠದ ಗುಳಿಯ ಅಂಚು ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಹಾರೆ ಹಾಕಿ ಮೀಟಿದ್ದರೆ ಒಂದು ಮೂಲೆ ಚಕ್ಕೆ ಎದ್ದಿರುತ್ತದೆ, ಅಷ್ಟಬಂಧದ ಚೂರು ಅಂಚಿಗೆ ಅಂಟಿಕೊಂಡೇ ಉಳಿದಿರುತ್ತದೆ. ಪೀಠವೇ ಉರುಳಿ ಅಡಿಯಲ್ಲಿ ಗುಂಡಿ ಬಿದ್ದಿದ್ದರೆ ಅದು ನಿಧಿಗಳ್ಳರ ಕೆಲಸ. ನಮ್ಮ ನಾಡಿನ ಪಾಳು ಗುಡಿಗಳಿಗೆ ಅರಳಿ ಗಿಡಕ್ಕಿಂತ ದೊಡ್ಡ ಶತ್ರು ಈ ಕಳ್ಳರೇ. ಪಾಯದ ಕಲ್ಲಿನ ಅಡಿಯ ಮಣ್ಣು ತೋಡಿದ ಮೇಲೆ ಮೇಲಿನ ಗೋಡೆ ಎರಡು ಮಳೆಗಾಲಕ್ಕೆ ವಾಲುತ್ತದೆ. ಆಗ ಅದನ್ನೂ ಯಾರಾದರೂ ಕಾಲನ ಹೊಡೆತ ಎನ್ನುತ್ತಾರೆ.

ಕ್ಯಾಥೊಲಿಕ್ ಸಭೆಯಲ್ಲೂ ಇದಕ್ಕೆ ನಿಯಮಗಳಿವೆ. 1983ರ ಕ್ಯಾನನ್ ಕಾನೂನು ಸಂಹಿತೆಯ 1212ನೇ ವಿಧಿಯ ಪ್ರಕಾರ ಪವಿತ್ರ ಸ್ಥಳದ ಬಹುಭಾಗ ನಾಶವಾದರೆ, ಇಲ್ಲವೇ ಅದು ಕಾಯಮ್ಮಾಗಿ ಲೌಕಿಕ ಬಳಕೆಗೆ ಹೋದರೆ, ಅದರ ಪ್ರತಿಷ್ಠೆ, ಅಂದರೆ ದೇವರಿಗೆ ಅರ್ಪಿತವಾದ ಸ್ಥಾನ, ಕಳೆದಂತೆ. ಆರಾಧನೆಗೆ ಬಳಸಲಾಗದ, ರಿಪೇರಿಗೂ ಒದಗದ ಚರ್ಚನ್ನು ಬಿಷಪ್ ಲೌಕಿಕ ಬಳಕೆಗೆ ಬಿಟ್ಟುಕೊಡಬಹುದು, ಆದರೆ ಹೀನ ಬಳಕೆಗೆ ಕೊಡುವಂತಿಲ್ಲ ಎನ್ನುತ್ತದೆ 1222ನೇ ವಿಧಿ. (ಮದುವೆಗೆ ಮುಂಚಿನ ಫೋಟೊ ಶೂಟ್ ಇವೆರಡರಲ್ಲಿ ಯಾವುದೆಂದು ಬಿಷಪರೇ ಹೇಳಬೇಕು.) ಇನ್ನೊಂದು ಕುತೂಹಲದ ಮಾತು 1238ರಲ್ಲಿದೆ: ಚರ್ಚು ಲೌಕಿಕವಾದರೂ ಅದರಿಂದಲೇ ಬಲಿಪೀಠದ ಪ್ರತಿಷ್ಠೆ ಹೋಗುವುದಿಲ್ಲ. ಗೋಡೆಗೊಂದು ಲೆಕ್ಕ, ಪೀಠಕ್ಕೊಂದು ಲೆಕ್ಕ. ಪೂಜೆ ನಿಂತ ಕಟ್ಟಡವೆಲ್ಲ ಒಂದೇ ಬಗೆಯ ಸಂಕೇತ ಎಂದುಕೊಂಡವರಿಗೆ ಪುರೋಹಿತರೂ ಪಾದ್ರಿಗಳೂ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆಂಬುದು ಗೊತ್ತಿರಲಿ.

ವಿಜಯಪುರದ ಬಾರಾ ಕಮಾನಿನ ಮುಂದೆ ನಿಂತು ಹಾಳು ಕಟ್ಟಡ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಅದು ಬಿದ್ದದ್ದಲ್ಲ, ಎರಡನೇ ಅಲಿ ಆದಿಲ್ ಶಾನ ಗೋರಿಗೆಂದು ಶುರುವಾಗಿ ಮುಗಿಯದೇ ನಿಂತದ್ದು. ಅರ್ಧ ಕಟ್ಟಿದ್ದಕ್ಕೂ ಅರ್ಧ ಬಿದ್ದದ್ದಕ್ಕೂ ಫೋಟೊದಲ್ಲಿ ಫರಕು ಕಾಣದು.

ಶೆಟ್ಟಿಹಳ್ಳಿಗೆ ಮರಳೋಣ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿತ್ತಲ್ಲ, ಅದನ್ನು ಎತ್ತಿ ಕಟ್ಟಿದರಲ್ಲ, ಇದನ್ನು ಯಾಕೆ ಬಿಟ್ಟರು ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಕೆಲವರ ದನಿಯಲ್ಲಿ ಬೇರೆ ಅನುಮಾನವೂ ಇರುತ್ತದೆ. ಉತ್ತರದ ದೊಡ್ಡ ಭಾಗ ಗಾರೆಯಲ್ಲಿದೆ. 1911ರಲ್ಲಿ ಶುರುವಾದ ಕೆಆರ್‌ಎಸ್ ಕಟ್ಟೆಯ ಹಿನ್ನೀರಿನಲ್ಲಿ ಹೋದ ಆ ಗುಡಿ ಬರ ಬಿದ್ದು ನೀರು ತೀರ ಇಳಿದಾಗ ಮೇಲೆ ಕಾಣುತ್ತಿತ್ತು. ಖೋಡೆ ಪ್ರತಿಷ್ಠಾನದವರು ಅದನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಬಿಚ್ಚಲು ಆದದ್ದು ಅದು ಕಲ್ಲಿನ ಮೇಲೆ ಕಲ್ಲು ಕೂರಿಸಿದ ಕಟ್ಟಡವಾದ್ದರಿಂದ. ಇಂಥ ಕೆಲಸದಲ್ಲಿ ಪ್ರತಿ ಕಲ್ಲಿಗೂ ಹೊರಗೆ ಕಾಣದ ಮುಖದಲ್ಲಿ ವರಸೆ (ಕಲ್ಲಿನ ಅಡ್ಡಸಾಲು) ಸಂಖ್ಯೆ, ಆ ವರಸೆಯೊಳಗಿನ ಸಂಖ್ಯೆ, ದಿಕ್ಕಿನ ಬಾಣ ಬರೆಯುತ್ತಾರೆ. ಫೋಟೊ ತೆಗೆದು, ಕಳಚಿ, ನೆಲದ ಮೇಲೆ ಅದೇ ಕ್ರಮದಲ್ಲಿ ಹರಡುತ್ತಾರೆ. ಕಷ್ಟದ ಕೆಲಸ, ಆದರೆ ಕೊನೆಯುಳ್ಳ ಕೆಲಸ. ಶೆಟ್ಟಿಹಳ್ಳಿ ಚರ್ಚಿನದು ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಅದಕ್ಕೆ ಈ ಉಪಾಯ ನಡೆಯದು. ಒಂದು ಘನ ಮೀಟರ್ ಗೋಡೆಗೆ ಈಗಿನ ಅಳತೆಯ ಇಟ್ಟಿಗೆಯೇ ಸುಮಾರು 500 ಬೇಕು, ಹಳೆಯ ತೆಳು ಇಟ್ಟಿಗೆ ಇನ್ನೂ ಹೆಚ್ಚು. ಬಿಡಿಸಿದರೆ ಗಾರೆ ಪುಡಿಯಾಗುತ್ತದೆ, ಇಟ್ಟಿಗೆ ಒಡೆಯುತ್ತದೆ, ಉಳಿಯುವುದು ರಾಶಿ. ಗುಡಿ ಜೋಡಣೆ, ಚರ್ಚು ಎರಕ ಎನ್ನಬಹುದು. ಒಂದು ದಡ ಸೇರಿ ಇನ್ನೊಂದು ನೀರಲ್ಲೇ ಉಳಿದದ್ದಕ್ಕೆ ಮೊದಲ ಕಾರಣ ಇದು.

ಆ ಗಾರೆಗೆ ಮೊಟ್ಟೆ, ಬೆಲ್ಲ ಹಾಕಿದ್ದರಿಂದಲೇ ಇಷ್ಟು ವರ್ಷ ನಿಂತಿದೆ ಎಂಬ ಮಾತು ಪ್ರತಿ ಲೇಖನದಲ್ಲೂ ಬರುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸುಣ್ಣಕ್ಕೆ ಸೇರಿಸುವುದು ದಕ್ಷಿಣದ ಗಾರೆ ಕೆಲಸದವರ ನಿಜವಾದ ಪದ್ಧತಿ. ಗಾರೆ ಹದವಾಗಿ ಬರುತ್ತದೆ, ಬೇಗ ಬಿರಿಯುವುದಿಲ್ಲ. ಮೊಟ್ಟೆಯ ಬಿಳಿ ಬಳಸುತ್ತಿದ್ದದ್ದು ಮುಖ್ಯವಾಗಿ ಕೊನೆಯ ನಯಗಾರೆಗೆ, ಹೊಳಪಿಗೆ. ಇಡೀ ಗೋಡೆಯನ್ನು ಮೊಟ್ಟೆಯಲ್ಲಿ ಕಟ್ಟಲು ಹಾಸನ ಸೀಮೆಯ ಕೋಳಿಗಳೆಲ್ಲ ದುಡಿದರೂ ಸಾಲದು. ಗೋಡೆ ನಿಂತಿರುವುದು ದಪ್ಪ ಇದೆ, ಗಾರೆ ಮೆತ್ತಗಿದ್ದು ತುಸು ಬಾಗಿಕೊಡುತ್ತದೆ ಎಂಬ ಕಾರಣಕ್ಕೆ.

ಹಾಗಾದರೆ ಬೀಳುತ್ತಿರುವುದೇಕೆ? ನೀರಿನಲ್ಲಿ ಮುಳುಗಿದ್ದರಿಂದ ಎಂದರೆ ಅರ್ಧ ಉತ್ತರ. ಸದಾ ನೀರಿನೊಳಗೇ ಇರುವ ಕಟ್ಟಡ ಬಹುಕಾಲ ಬಾಳುತ್ತದೆ, ಸದಾ ಒಣಗಿರುವುದೂ ಬಾಳುತ್ತದೆ. ವರ್ಷಕ್ಕೊಮ್ಮೆ ತೊಯ್ದು ವರ್ಷಕ್ಕೊಮ್ಮೆ ಒಣಗುವುದೇ ಕೊಲ್ಲುವುದು. ಒಣಗುವಾಗ ಇಟ್ಟಿಗೆಯೊಳಗಿನ ಲವಣ ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ; ಬೇಸಿಗೆಯಲ್ಲಿ ಗೋಡೆಯ ಮೇಲೆ ಕಾಣುವ ಬಿಳಿ ಹಿಟ್ಟು ಅದೇ. ಹರಳು ಉಬ್ಬಿ ಇಟ್ಟಿಗೆಯ ಮುಖವನ್ನು ಪೊರೆಯಂತೆ ಎಬ್ಬಿಸುತ್ತದೆ. ಮಳೆನೀರು ಮೃದು, ಸಂದಿನ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ನೀರಿನ ಅಂಚು. ಜಲಾಶಯ ಏರುವಾಗ ಮತ್ತು ಇಳಿಯುವಾಗ ಅಲೆಯ ಗೆರೆ ಗೋಡೆಯ ಪ್ರತಿ ಅಡಿಯನ್ನೂ ಸವರಿಕೊಂಡು ಸಾಗುತ್ತದೆ, ಸಡಿಲವಾದ ಗಾರೆಯನ್ನು ಹೊರಗೆಳೆಯುತ್ತದೆ, ಪಾಯದ ಬದಿಯ ಮಣ್ಣು ಕೊರೆಯುತ್ತದೆ.

ಇದರ ಜೊತೆಗೆ ಒಂದು ತೂಕದ ಲೆಕ್ಕವಿದೆ. ಕಮಾನು ನಿಲ್ಲುವುದೇ ತನ್ನ ಭಾರದಿಂದ. ಒಂದು ಘನ ಮೀಟರ್ ಇಟ್ಟಿಗೆ ಗೋಡೆ ಸುಮಾರು 1.9 ಟನ್ ತೂಗುತ್ತದೆ. ಅದೇ ನೀರಿನೊಳಗೆ ಹೋದರೆ ಒಂದು ಟನ್ ಕಳೆದುಕೊಂಡು 0.9ಕ್ಕೆ ಇಳಿಯುತ್ತದೆ. ಅಡ್ಡಕ್ಕೆ ತಳ್ಳುವ ಅಲೆ ಬಲವಾಗಿರುವ ತಿಂಗಳುಗಳಲ್ಲೇ ಕಂಬದ ಬುಡ ಅರ್ಧ ಹಗುರವಾಗಿರುತ್ತದೆ. ಛಾವಣಿ ಬೇರೆ ಇಲ್ಲ. ಛಾವಣಿಯ ತೊಲೆಗಳು ಮಳೆ ತಡೆಯಲಷ್ಟೇ ಇದ್ದವಲ್ಲ, ಎದುರುಬದುರು ಗೋಡೆಗಳ ತಲೆಯನ್ನು ಹಿಡಿದುಕೊಂಡಿದ್ದವು. ಅವು ಹೋದ ಮೇಲೆ ಒಂದೊಂದು ಗೋಡೆಯೂ ಒಂಟಿ. ಇನ್ನು ಸಾಲು ಕಮಾನಿನ ಗುಣ: ಪ್ರತಿಯೊಂದೂ ಪಕ್ಕದ್ದನ್ನು ತಳ್ಳುತ್ತಿರುತ್ತದೆ, ಪಕ್ಕದ್ದು ವಾಪಸ್ ತಳ್ಳುತ್ತಿರುತ್ತದೆ. ಸಾಲಿನಲ್ಲಿ ಒಂದು ಬಿದ್ದರೆ ಅದರ ಪಕ್ಕದ್ದಕ್ಕೆ ಎದುರೊತ್ತು ತಪ್ಪುತ್ತದೆ. ಆದ್ದರಿಂದ ಎಲ್ಲಿ ಹೊಸದಾಗಿ ಬಿದ್ದಿದೆಯೋ ಅದರ ಪಕ್ಕದ ಕಮಾನಿನ ಅಡಿಯಲ್ಲಿ ಯಾರೂ ನಿಲ್ಲಬಾರದು. ಸೆಲ್ಫಿಗೆ ಎಲ್ಲರೂ ಆರಿಸಿಕೊಳ್ಳುವ ಜಾಗ ಅದೇ ಆಗಿರುತ್ತದೆ.

ಉಳಿಸಬೇಕು ಎಂದರೆ ಏನು ಮಾಡಬೇಕು? ಮೊದಲು ಏನು ಮಾಡಬಾರದು ಎಂಬುದು. ಛಾವಣಿ ಹಾಕಿ ಹೊಸ ಚರ್ಚಿನಂತೆ ಮಾಡುವುದು ಬೇಡ. ಮುಂದಿನ ಆಗಸ್ಟಿನಲ್ಲಿ ಅದರೊಳಗೂ ನೀರು. ಸಿಮೆಂಟ್ ಅಂತೂ ಬೇಡವೇ ಬೇಡ. ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ, ನೀರು ಬಿಟ್ಟುಕೊಡುವುದಿಲ್ಲ. ಸಂದಿಗೆ ಸಿಮೆಂಟ್ ತುಂಬಿದ ಗೋಡೆಯಲ್ಲಿ ನೀರು ಹೊರಬರಲು ಇಟ್ಟಿಗೆಯನ್ನೇ ದಾರಿ ಮಾಡಿಕೊಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಇಟ್ಟಿಗೆ ಸವೆದು ಹಳ್ಳವಾಗಿ, ಸಿಮೆಂಟ್ ಸಂದು ಜೇನುಗೂಡಿನ ಗೋಡೆಯಂತೆ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಊರೂರ ಗುಡಿಗಳ ಜೀರ್ಣೋದ್ಧಾರದಲ್ಲಿ ಇದನ್ನು ಬೇಕಾದಷ್ಟು ನೋಡಬಹುದು. ಗೋಡೆಯ ತಲೆಯ ಮೇಲೆ ಬೆಳೆದ ಅರಳಿ, ಆಲದ ಸಸಿಗಳನ್ನು ಕಿತ್ತು ಎಳೆಯುವುದೂ ತಪ್ಪು. ಬೇರಿನ ಜೊತೆ ನಾಲ್ಕು ವರಸೆ ಇಟ್ಟಿಗೆ ಬರುತ್ತದೆ. ಬರೀ ಕತ್ತರಿಸಿದರೆ ಒಂದಕ್ಕೆ ನಾಲ್ಕು ಚಿಗುರು. ಬೇರೆ ಕಡೆ ಕಾಂಡಕ್ಕೆ ರಂಧ್ರ ಕೊರೆದು ಬೇರು ಸಾಯಿಸುವ ಔಷಧ ತುಂಬುವುದುಂಟು, ಆದರೆ ಕುಡಿಯುವ ನೀರಿನ ಜಲಾಶಯದೊಳಗೆ ಅದು ಸಲ್ಲದು. ಇಲ್ಲಿ ಇರುವ ದಾರಿ ಸಸಿ ಬೆರಳು ಗಾತ್ರ ಆಗುವ ಮುಂಚೆ ವರ್ಷಕ್ಕೆರಡು ಸಲ ಕೈಯಿಂದ ತೆಗೆಯುವುದು ಒಂದೇ.

ಕೆಲಸ ನಡೆಯಬಹುದಾದ ಅವಧಿ ಕಿರಿದು. ನೀರು ಪಾಯ ಬಿಟ್ಟು ಸರಿದ ಮೇಲೆ, ಸುಮಾರಾಗಿ ಜನವರಿಯಿಂದ ಮಾರ್ಚ್ ನಡುವಿನವರೆಗೆ ಕಟ್ಟುವ ಕೆಲಸ; ಏಪ್ರಿಲ್, ಮೇ ಗಾರೆ ಗಟ್ಟಿಯಾಗಲು; ಮಳೆ ಹಿಡಿಯುವುದರೊಳಗೆ ಸಾರವೆ ಬಿಚ್ಚಿರಬೇಕು. ಸುಣ್ಣವನ್ನು ಅದಕ್ಕೂ ಮೊದಲೇ, ಕನಿಷ್ಠ ಮೂರು ವಾರ ಮುಂಚೆ, ಗುಂಡಿಯಲ್ಲಿ ಅರಳಿಸಿ ನೀರಿನಡಿ ಬಿಡಬೇಕು. ಅರಳದ ಕಾಳು ಉಳಿದರೆ ಗೋಡೆಯೊಳಗೆ ಹೋಗಿ ಅಲ್ಲಿ ಅರಳಿ ಉಬ್ಬುತ್ತದೆ; ಅದಕ್ಕೇ ಜರಡಿ ಹಿಡಿಯುವುದು. ಬರೀ ಸುಣ್ಣ ಮತ್ತು ಮರಳು ಇಲ್ಲಿ ಸಾಲದು, ಅದು ಗಾಳಿ ತಾಗಿದರೆ ಮಾತ್ರ ಗಟ್ಟಿಯಾಗುವ ಗಾರೆ. ನೀರಿನಲ್ಲೂ ಹಿಡಿಯಬೇಕಾದರೆ ಹದವಾಗಿ ಬೆಂದ ಇಟ್ಟಿಗೆಯ ಪುಡಿ, ಅಂದರೆ ಸುರಕಿ, ಸೇರಬೇಕು. ಒಂದು ಪಾಲು ಸುಣ್ಣಕ್ಕೆ ಸುರಕಿ ಮತ್ತು ಮರಳು ಕೂಡಿ ಎರಡರಿಂದ ಮೂರು ಪಾಲು. ಸರಿಯಾದ ಪ್ರಮಾಣವನ್ನು ಹಳೆಯ ಗಾರೆಯ ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟು ನಿಗದಿ ಮಾಡಬೇಕು.

ಸಂದಿನ ಸಡಿಲ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕಾದರೂ ಕೆದಕಿ ತೆಗೆದು, ನೀರು ಚಿಮುಕಿಸಿ, ಹೊಸದನ್ನು ಒತ್ತಿ ತುಂಬಿ, ಒದ್ದೆ ಗೋಣಿ ಹೊದಿಸಬೇಕು. ಬಿಸಿಲಿಗೆ ಬಿಟ್ಟರೆ ಎರಡೇ ದಿನಕ್ಕೆ ಹುಡಿ. ಗೋಡೆಯ ಹೊಟ್ಟೆ ಟೊಳ್ಳಾಗಿರುವ ಕಡೆ, ಬಡಿದರೆ ಸದ್ದಿನಲ್ಲೇ ತಿಳಿಯುತ್ತದೆ, ತೆಳು ಸುಣ್ಣದ ಗಂಜಿಯನ್ನು ಕೆಳಗಿನ ರಂಧ್ರದಿಂದ ಶುರುಮಾಡಿ ಮೇಲಕ್ಕೆ ತುಂಬುತ್ತ ಹೋಗಬೇಕು. ಮೇಲಿನ ರಂಧ್ರದಲ್ಲಿ ಗಂಜಿ ಇಣುಕಿದಾಗ ಕೆಳಗಿನದನ್ನು ಮುಚ್ಚುವುದು. ಅವಸರ ಮಾಡಿ ಒಂದೇ ದಿನ ಎತ್ತರಕ್ಕೆ ತುಂಬಿದರೆ ಗಂಜಿಯ ಒತ್ತಡಕ್ಕೆ ಗೋಡೆಯ ಹೊರಮೈ ಸಿಡಿದು ಬರುತ್ತದೆ. ಗೋಡೆಯ ತಲೆಗೆ ಇಟ್ಟಿಗೆ ಜಲ್ಲಿ ಸುಣ್ಣದ ಕಾಂಕ್ರೀಟನ್ನು ಎರಡೂ ಬದಿಗೆ ಇಳಿಜಾರಾಗಿ ಹಾಕಿ ಕೊಡತಿಯಿಂದ ಬಡಿಯಬೇಕು. ಪಾಯದ ಸುತ್ತ ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಒರಟು ಕಲ್ಲು ಸುರಿದರೆ ಅಲೆ ಅಲ್ಲೇ ಒಡೆಯುತ್ತದೆ.

ಅಪಾಯದ ಕಮಾನಿಗೆ ಆಸರೆ ಕೊಡುವಾಗ ಬೇರೆಡೆಯ ಅಭ್ಯಾಸದಂತೆ ಸರ್ವೆ ಮರ ನಿಲ್ಲಿಸಿದರೆ ಜುಲೈನಲ್ಲಿ ಅದು ತೇಲಿ ಎದ್ದು ಕಮಾನಿಗೇ ಗುದ್ದುತ್ತದೆ. ಇಲ್ಲಿ ಕಮಾನಿನ ಬಾಯಿಯನ್ನೇ ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಕಟ್ಟಿ ತುಂಬುವುದು ಮೇಲು. ನೋಟ ಕೆಡುತ್ತದೆ ಎಂಬ ಆಕ್ಷೇಪ ಬರುತ್ತದೆ. ಕೆಡುತ್ತದೆ, ಹೌದು.

ಇಷ್ಟೆಲ್ಲ ಮಾಡಿದರೂ ಸಿಗುವುದು ಒಂದಷ್ಟು ದಶಕ, ಅದೂ ಪ್ರತಿ ಬೇಸಿಗೆಯಲ್ಲಿ ಮರಳಿ ನೋಡಿಕೊಂಡರೆ. ಹಣ ಇಲ್ಲ, ಮನಸ್ಸಿಲ್ಲ ಎಂದರೆ ಬೀಳಲು ಬಿಡುವುದೂ ಪ್ರಾಮಾಣಿಕ ತೀರ್ಮಾನವೇ, ಅದನ್ನು ಬಾಯಿಬಿಟ್ಟು ಹೇಳುವುದಾದರೆ. ಆಗ ಗೋಡೆಯ ಎತ್ತರದಷ್ಟಾದರೂ ದೂರಕ್ಕೆ ಬೇಲಿ ಬೇಕು, ಹೊಣೆ ಯಾವ ಇಲಾಖೆಯದೆಂದು ಬರೆದ ಫಲಕ ಬೇಕು, ಬೀಳುವ ಮುನ್ನ ಪೂರ್ತಿ ದಾಖಲೆ ಬೇಕು: ನೆಲದಿಂದಲೂ ಡ್ರೋನಿನಿಂದಲೂ, ಒಂದು ಚಿತ್ರ ಇನ್ನೊಂದರ ಮುಕ್ಕಾಲು ಭಾಗವನ್ನು ಒಳಗೊಳ್ಳುವಂತೆ ತೆಗೆದ ಫೋಟೊಗಳಿದ್ದರೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಬಹುದು. ನಮಗೆ ಒಪ್ಪಿಗೆಯಿಲ್ಲದ್ದು ಮೂರನೆಯ ದಾರಿ. ದುರಸ್ತಿಯನ್ನೂ ಮಾಡದೆ, ಬೇಲಿಯನ್ನೂ ಹಾಕದೆ, ನಶ್ವರತೆಯ ಸಂಕೇತ ಎಂದು ಕರೆದು ಜನರನ್ನು ಆ ಇಟ್ಟಿಗೆಗಳ ಕೆಳಗೆ ಕಳಿಸುವುದು. ಒಂದೊಂದು ಇಟ್ಟಿಗೆ ಎರಡೂವರೆ ಮೂರು ಕೆ.ಜಿ. ತೂಗುತ್ತದೆ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿಯಿಟ್ಟು ಎರಡು ತುದಿಗೂ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಖು ಕೆತ್ತುವುದು ಹಳೆಯ ಮೇಸ್ತ್ರಿಗಳ ಉಪಾಯ. ಗೋಡೆ ಕದಲಿದರೆ ಗಾಜು ಸೀಳುತ್ತದೆ. ಜನವರಿಯಲ್ಲಿ ಹಚ್ಚಿದ್ದನ್ನು ಮುಂದಿನ ಜನವರಿಯಲ್ಲಿ ನೋಡಿದರೆ ಆ ವರ್ಷದ ನೀರು ಯಾವ ಕಂಬವನ್ನು ಮುಟ್ಟಿತೆಂದು ಗೊತ್ತಾಗುತ್ತದೆ.

ಪತ್ರಿಕೆಯಿಂದ ನಾವು ಕೇಳುವುದೂ ಆ ಗಾಜಿನ ಪಟ್ಟಿಯಂಥದ್ದೇ. ಚಿತ್ರ ಪ್ರಕಟಿಸಿ, ಧಾರಾಳವಾಗಿ. ಆದರೆ ಅಡಿಬರಹದಲ್ಲಿ ಚಿತ್ರ ತೆಗೆದ ದಿನಾಂಕ, ಯಾವ ದಿಕ್ಕಿನಿಂದ ತೆಗೆದದ್ದು, ಆ ದಿನದ ಜಲಾಶಯದ ಮಟ್ಟ ಎಷ್ಟು ಅಡಿ ಎಂಬ ಮೂರು ಸಂಗತಿ ಇರಲಿ. ಮಟ್ಟವನ್ನು ನೀವು ಅದೇ ಸಂಚಿಕೆಯ ಒಳಪುಟದಲ್ಲಿ ಹೇಗೂ ಅಚ್ಚು ಹಾಕಿರುತ್ತೀರಿ. ನಿಮ್ಮ ಹಳೆಯ ಸಂಚಿಕೆಗಳಲ್ಲಿ ಇರುವ ಚಿತ್ರಗಳನ್ನೂ ಹೀಗೆ ದಿನಾಂಕ ಹಚ್ಚಿ ಸಾಲಾಗಿ ಇಟ್ಟರೆ ಯಾವ ಕಮಾನು ಯಾವ ವರ್ಷದ ನೀರಿಗೆ ಹೋಯಿತು ಎಂಬುದು ತಾನಾಗಿ ಕಾಣುತ್ತದೆ, ಮುಂದಿನ ಸರದಿ ಯಾವುದರದೆಂದೂ.

ಇತಿ,
ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವ ಓದುಗರು